ಅಕ್ಕಿ ಇಳಿದ ದಾರಿ, ಉಪ್ಪು ಹತ್ತಿದ ದಾರಿ

ಕಣ್ಣೂರಿನಿಂದ ಬೆಂಗಳೂರಿಗೆ ಹೊರಟ ರಾತ್ರಿ ಬಸ್ಸು ಇರಿಟಿ ದಾಟುತ್ತದೆ, ಕೂಟುಪುಳ ಸೇತುವೆಯ ಮೇಲೆ ರಾಜ್ಯ ಬದಲಿಸುತ್ತದೆ, ಮಾಕುಟ್ಟದ ಕಾಡಿನಲ್ಲಿ ತಿರುವಿನ ಮೇಲೆ ತಿರುವು ಹತ್ತಿ ಪೆರುಂಬಾಡಿಗೆ ಬಂದು ಉಸಿರು ಬಿಡುತ್ತದೆ. ವಿರಾಜಪೇಟೆಯಲ್ಲಿ ನಾಲ್ಕು ಜನರನ್ನು ಹತ್ತಿಸಿಕೊಂಡು ಗೋಣಿಕೊಪ್ಪದ ಕಡೆ ಮುಖ ಮಾಡಿದರೆ, ಗದ್ದೆ ಬಯಲು ಮತ್ತು ಕಾಫಿ ತೋಟಗಳ ನಡುವೆ ಸಿಗುವ ಊರು ಬಿಟ್ಟಂಗಾಲ. ಸೀಟಿಗೆ ಒರಗಿ ನಿದ್ದೆ ಹೋದವರಿಗೆ ಈ ಊರು ಬಂದದ್ದೂ ತಿಳಿಯದು, ಹೋದದ್ದೂ ತಿಳಿಯದು. ಮುಂದೆ ತಿತಿಮತಿ, ಹುಣಸೂರು, ಮೈಸೂರು.

ಈಗ ಇದು ಎರಡು ರಾಜ್ಯಗಳ ನಡುವಿನ ರಸ್ತೆ. ಒಂದು ಕಾಲಕ್ಕೆ ಎರಡು ದೇಶಗಳ ನಡುವಿನ ರಸ್ತೆಯಾಗಿತ್ತು. ಘಟ್ಟದ ಮೇಲೆ ಹಾಲೇರಿ ವಂಶದ ಅರಸರ ಕೊಡಗು, ಕೆಳಗೆ ಕೋಲತ್ತಿರಿ ಮತ್ತು ಕೋಟ್ಟಯಂ ಅರಸರ ಮಲಬಾರು, ಕಡಲ ಅಂಚಿನಲ್ಲಿ ತಲಶ್ಶೇರಿಯ ಕೋಟೆಯೊಳಗೆ ಈಸ್ಟ್ ಇಂಡಿಯಾ ಕಂಪನಿ. ನೆರೆಹೊರೆಯ ದೇಶಗಳು ರಸ್ತೆ, ರೈಲು, ಕೊಳವೆ ಮಾರ್ಗಗಳಿಂದ ಒಂದಕ್ಕೊಂದು ಬೆಸೆದುಕೊಳ್ಳುವುದನ್ನು ಇಂದು ಪತ್ರಿಕೆಗಳು ‘ಆರ್ಥಿಕ ಕಾರಿಡಾರ್’ ಎಂದು ಕರೆಯುತ್ತವೆ. ಆ ಹೆಸರು ಹುಟ್ಟುವ ಎಷ್ಟೋ ಮೊದಲೇ ಈ ಘಾಟಿಯಲ್ಲಿ ಅಂಥದೊಂದು ಕಾರಿಡಾರ್ ನಡೆಯುತ್ತಿತ್ತು. ಅದಕ್ಕೆ ಬೇಕಾದ ಒಪ್ಪಂದವಿತ್ತು, ಗಡಿ ಕಾವಲಿತ್ತು, ದಿಗ್ಬಂಧನವಿತ್ತು, ಕೊನೆಗೆ ದಂಡಯಾತ್ರೆಯೂ ಬಂತು. ಇಂಥ ದಾರಿಗಳು ಯಾರಿಗೆ ಏನು ಕೊಡುತ್ತವೆ, ಯಾರಿಂದ ಏನು ಕೀಳುತ್ತವೆ ಎಂದು ತಿಳಿಯಲು ಕೊಡಗಿನವರು ಚೀನಾ ಮತ್ತು ಪಾಕಿಸ್ತಾನಗಳ ಕಾರಿಡಾರ್ ಹಾಯುವ ದೂರದ ಕಾರಾಕೋರಂ ಕಡೆ ನೋಡಬೇಕಾಗಿಲ್ಲ.

ವ್ಯಾಪಾರದ ಮೂಲ ಲೆಕ್ಕ ಸರಳ. ಕೊಡಗಿನ ಗದ್ದೆಗಳಲ್ಲಿ ತಿಂದು ಮಿಗುವಷ್ಟು ಭತ್ತ ಬೆಳೆಯುತ್ತಿತ್ತು, ಆದರೆ ಒಂದು ಹರಳು ಉಪ್ಪು ಹುಟ್ಟುತ್ತಿರಲಿಲ್ಲ. ಮಲಬಾರಿನಲ್ಲಿ ಉಪ್ಪು, ತೆಂಗು, ಒಣಮೀನು ಯಥೇಚ್ಛ, ಅಕ್ಕಿಗೆ ಮಾತ್ರ ಸದಾ ಬರ. ಹಾಗಾಗಿ ಸುಗ್ಗಿಯ ಹಬ್ಬವಾದ ಪುತ್ತರಿ ಮುಗಿದು ಮಳೆಯ ನೆನಪು ಆರಿದ ಮೇಲೆ ಹೇರೆತ್ತುಗಳ ಸಾಲು ಘಾಟಿ ಇಳಿಯುತ್ತಿತ್ತು. ಇಳಿಯುವಾಗ ಬೆನ್ನ ಮೇಲೆ ಅಕ್ಕಿ, ಹತ್ತುವಾಗ ಉಪ್ಪು. ಬ್ರಿಟಿಷರು ಬರೆಸಿದ ಗೆಜೆಟಿಯರುಗಳೂ ಕೊಡಗಿನಿಂದ ಹೊರಹೋಗುವ ಸರಕುಗಳಲ್ಲಿ ಮಲಬಾರಿಗೆ ಇಳಿಯುವ ಅಕ್ಕಿಗೆ ಮುಖ್ಯ ಸ್ಥಾನ ಕೊಡುತ್ತವೆ.

ಈ ವ್ಯಾಪಾರದ ಗುರುತು ದಾಖಲೆಗಳಿಗಿಂತ ಗಟ್ಟಿಯಾಗಿ ಉಳಿದಿರುವುದು ದೇವಸ್ಥಾನಗಳಲ್ಲಿ. ಕಣ್ಣೂರು ಜಿಲ್ಲೆಯ ಪಯ್ಯಾವೂರಿನ ಶಿವ ದೇವಸ್ಥಾನದಲ್ಲಿ ಕುಂಭ ಮಾಸದ ಆರಂಭದಲ್ಲಿ, ಎಂದರೆ ಫೆಬ್ರವರಿಯಲ್ಲಿ, ಊಟದ ಹಬ್ಬವೊಂದು ನಡೆಯುತ್ತದೆ. ಅದಕ್ಕೆ ಬೇಕಾದ ಅಕ್ಕಿ ಕೊಡಗಿನ ಕಡಿಯತ್ತುನಾಡಿನಿಂದ ಹೋಗಬೇಕು, ಎತ್ತಿನ ಬೆನ್ನ ಮೇಲೆಯೇ ಹೋಗಬೇಕು. ಕಾಡಿನ ಹಾದಿ ಹಿಡಿದು ಎತ್ತು ಹೊಡೆದುಕೊಂಡು ಇಳಿಯುವ ಕೊಡವರನ್ನು ಕೆಳಗಿನವರು ಅತಿಥಿಗಳೆಂದು ಇದಿರುಗೊಳ್ಳುತ್ತಾರೆ. ಉಳಿಕ್ಕಲ್ ಬಳಿಯ ಬೈತೂರು ದೇವಸ್ಥಾನದಲ್ಲಿ ಜನವರಿಯ ಉತ್ಸವಕ್ಕೆ ಕೊಡಗಿನಿಂದ ಅಕ್ಕಿ ಒಯ್ದು ಅಳೆದು ಒಪ್ಪಿಸುವ ಪದ್ಧತಿಯೂ ಇದೇ ಬಗೆಯದು. ರಾಜರ ಕಾಲ, ಕಂಪನಿಯ ಕಾಲ, ಎರಡು ರಾಜ್ಯಗಳ ವಿಂಗಡಣೆ ಎಲ್ಲ ಆಗಿಹೋದರೂ ಈ ಅಳತೆ ನಿಂತಿಲ್ಲ.

ದೇವರುಗಳ ವಂಶಾವಳಿಯೂ ಗಡಿಯನ್ನು ಗಮನಿಸಿದಂತಿಲ್ಲ. ಕೊಡವರ ನಂಬಿಕೆಯಂತೆ ಆರು ಅಣ್ಣತಮ್ಮಂದಿರು, ಒಬ್ಬ ತಂಗಿ ಮಲಬಾರಿನ ಕಡೆಯಿಂದ ಬಂದರು. ಮೂವರು ಕೆಳಗೇ ನೆಲೆಸಿದರು, ಅವರಲ್ಲಿ ಬೈತೂರಪ್ಪ ಒಬ್ಬ. ಇಗ್ಗುತಪ್ಪ ಘಟ್ಟ ಹತ್ತಿ ಕಕ್ಕಬ್ಬೆಯ ಬಳಿ ನಿಂತ, ಪಾಲೂರಪ್ಪನೂ ಕೊಡಗಿನಲ್ಲೇ ಉಳಿದ, ಇನ್ನೊಬ್ಬ ವಯನಾಡಿನ ತಿರುನೆಲ್ಲಿಗೆ ಹೋದ. ಕೊಡಗಿನ ಪುತ್ತರಿಗೆ ಮುಹೂರ್ತ ಇಡುವುದು ಇದೇ ಇಗ್ಗುತಪ್ಪನ ಸನ್ನಿಧಿಯಲ್ಲಿ. ಒಂದೇ ಮನೆಯ ಮಕ್ಕಳನ್ನು ಘಾಟಿಯ ಮೇಲೂ ಕೆಳಗೂ ಹಂಚಿದ ಈ ಕಥೆಗೆ ವ್ಯಾಪಾರದ ವಾಸನೆ ಇಲ್ಲವೆನ್ನುವುದು ಕಷ್ಟ. ಎತ್ತು ಹೊಡೆಯುವವನಿಗೆ ದಾರಿಯುದ್ದಕ್ಕೂ ನೆಂಟಸ್ತಿಕೆ ಬೇಕು, ಕೆಳಗಿನ ಊರಿನಲ್ಲಿ ರಾತ್ರಿ ತಂಗಲು ಒಂದು ಜಗಲಿ ಬೇಕು.

ಈ ದಾರಿ ರಾಜಕೀಯದ ಒಪ್ಪಂದಕ್ಕೆ ಸಿಕ್ಕಿದ್ದು 1790ರಲ್ಲಿ. ಟಿಪ್ಪುವಿನ ಸೆರೆಯಲ್ಲಿ ಪಿರಿಯಾಪಟ್ಟಣದಲ್ಲಿದ್ದ ದೊಡ್ಡ ವೀರರಾಜೇಂದ್ರ 1788ರಲ್ಲಿ ತಪ್ಪಿಸಿಕೊಂಡು ಬಂದು ಕೊಡಗನ್ನು ಮರಳಿ ಕಟ್ಟುತ್ತಿದ್ದ. ಪೂರ್ವದ ಮೈಸೂರು ಸೀಮೆ ಹಗೆಯ ಕೈಯಲ್ಲಿತ್ತು. ತೆರೆದಿದ್ದ ದೊಡ್ಡ ಬಾಗಿಲೆಂದರೆ ಪಶ್ಚಿಮದ ಘಾಟಿ. ಅದರ ಕೆಳಗೆ ತಲಶ್ಶೇರಿಯಲ್ಲಿ ಕಂಪನಿಯ ಮುಖ್ಯಸ್ಥನಾಗಿ ರಾಬರ್ಟ್ ಟೇಲರ್ ಕುಳಿತಿದ್ದ. ಆ ವರ್ಷದ ಅಕ್ಟೋಬರಿನಲ್ಲಿ ಇಬ್ಬರ ನಡುವೆ ಕರಾರಾಯಿತು. ಟಿಪ್ಪು ಇಬ್ಬರಿಗೂ ಸಮಾನ ಶತ್ರು. ಕೊಡಗಿನಲ್ಲಿ ಸಿಗುವ ದವಸ ಧಾನ್ಯಗಳನ್ನು ರಾಜ ನ್ಯಾಯವಾದ ಬೆಲೆಗೆ ಇಂಗ್ಲಿಷರಿಗೆ ಒದಗಿಸಬೇಕು, ಬೇರೆ ಟೋಪಿವಾಲರ, ಎಂದರೆ ಯುರೋಪಿನವರ, ಸಂಗ ಮಾಡಬಾರದು. ಅದಕ್ಕೆ ಪ್ರತಿಯಾಗಿ ಕಂಪನಿ ಕೊಡಗಿನ ಸ್ವಾತಂತ್ರ್ಯಕ್ಕೆ ಹೊಣೆ, ಅಪಾಯ ಬಂದರೆ ರಾಜನ ಕುಟುಂಬಕ್ಕೆ ತಲಶ್ಶೇರಿಯಲ್ಲಿ ಆಶ್ರಯ.

ಇಂದಿನ ಕಣ್ಣಿನಿಂದ ಓದಿದರೆ ಇದು ನೆಟ್ಟಗೆ ಒಂದು ಕಾರಿಡಾರ್ ಒಪ್ಪಂದ. ಭದ್ರತೆ ಒಂದು ಕಡೆಯಿಂದ, ಸರಕು ಇನ್ನೊಂದು ಕಡೆಯಿಂದ, ಮೂರನೆಯವರಿಗೆ ಪ್ರವೇಶವಿಲ್ಲ. ಇಪ್ಪತ್ತೊಂದನೆಯ ಶತಮಾನದ ದೇಶಗಳು ಬಂದರು, ರಸ್ತೆಗಳ ಹೆಸರಿನಲ್ಲಿ ಬರೆದುಕೊಳ್ಳುವ ಪತ್ರಗಳಲ್ಲಿ ಭಾಷೆ ನಯವಾಗಿರುತ್ತದೆ, ಒಳಗಿನ ಮೂಳೆ ಬಹುಪಾಲು ಇದೇ.

ಒಪ್ಪಂದದ ಹಿಂದೆಯೇ ಸೇನೆ ಬಂತು. ಜನರಲ್ ಅಬರ್‌ಕ್ರಾಂಬಿಯ ಬೊಂಬಾಯಿ ಪಡೆ 1791ರ ಆರಂಭದಲ್ಲಿ ಮಲಬಾರಿನಿಂದ ಇಂದಿನ ವಿರಾಜಪೇಟೆಯ ಕಡೆಗೆ ಏರುವ ಹೆಗ್ಗಳ ಘಾಟಿ ಹತ್ತಿತು. ಎತ್ತಿನ ಹಾದಿಯಲ್ಲಿ ತೋಪು ಹತ್ತಿಸಬೇಕಾಗಿತ್ತು. ಕಾಡು ಕಡಿದು, ದಾರಿ ಅಗಲಿಸಿ, ಎತ್ತು ಆಳುಗಳ ಬಲದಿಂದ ಎಳೆದು ಮೇಲಕ್ಕೆ ತಂದರು. ಹೊಟ್ಟೆಗೆ ಬೇಕಾದ ಅಕ್ಕಿ, ಹೊರೆಗೆ ಬೇಕಾದ ದನ ಕೊಡಗಿನ ರಾಜ ಒದಗಿಸಿದ. ಶ್ರೀರಂಗಪಟ್ಟಣದ ಕಡೆ ಹೊರಟ ಈ ಪಡೆ ಆ ವರ್ಷದ ಮೇ ತಿಂಗಳಲ್ಲಿ ಮಳೆಗೂ ಎತ್ತುಗಳ ಕೊರತೆಗೂ ಸಿಕ್ಕಿ, ಭಾರಿ ತೋಪುಗಳನ್ನು ಬಿಟ್ಟು ಹಿಂದಿರುಗಿತು. ಮುಂದಿನ ಬೇಸಿಗೆಗೆ ಮತ್ತೆ ಹತ್ತಿತು, 1792ರಲ್ಲಿ ಟಿಪ್ಪು ಸಂಧಿಗೆ ಒಪ್ಪಿದ. ಅಬರ್‌ಕ್ರಾಂಬಿಯ ಭೇಟಿಯ ನೆನಪಿಗೆ ದೊಡ್ಡ ವೀರರಾಜೇಂದ್ರ ಅದೇ ವರ್ಷ ಕಟ್ಟಿಸಿದ ಪೇಟೆಯೇ ವೀರರಾಜೇಂದ್ರಪೇಟೆ, ಇಂದಿನ ವಿರಾಜಪೇಟೆ. ಶ್ರೀರಂಗಪಟ್ಟಣದ ಸೆರೆಯಿಂದ ಪಾರಾಗಿ ಬಂದ ಕೊಂಕಣಿ ಕ್ರೈಸ್ತರಿಗೆ ರಾಜ ಅಲ್ಲಿ ನೆಲೆ ಕೊಟ್ಟ. ಸಂತ ಅನ್ನಮ್ಮನವರ ಚರ್ಚಿನ ಬೇರು ಅಲ್ಲಿಯದು. ಮಲಬಾರಿನ ಮಾಪಿಳ್ಳೆ ವರ್ತಕರೂ ಘಟ್ಟ ಹತ್ತಿ ಬಂದು ಅಂಗಡಿ ತೆರೆದರು. ಘಾಟಿಯ ನೆತ್ತಿಯ ಮೇಲಿನ ವ್ಯಾಪಾರ ಕಟ್ಟೆಯಾಗಿ ಬೆಳೆದ ಈ ಪೇಟೆಯಲ್ಲಿ ಇಂದಿಗೂ ಕೊಡವ ತಕ್ಕ್, ಮಲಯಾಳ, ಕೊಂಕಣಿ, ಕನ್ನಡ ಒಂದೇ ಅಂಗಡಿಯ ಮುಂದೆ ಕೇಳಿಸುತ್ತವೆ.

ಮಿತ್ರನಿಗೆ ತೆರೆದ ದಾರಿಯ ಕೀಲಿ ಮಿತ್ರನ ಬಳಿಯೂ ಉಳಿಯುತ್ತದೆ ಎಂಬುದು ನಲವತ್ತು ವರ್ಷಗಳಲ್ಲಿ ಗೊತ್ತಾಯಿತು. 1834ರ ಏಪ್ರಿಲಿನಲ್ಲಿ ಚಿಕ್ಕ ವೀರರಾಜೇಂದ್ರನ ಮೇಲೆ ಕಂಪನಿ ದಂಡೆತ್ತಿದಾಗ ನಾಲ್ಕು ದಿಕ್ಕಿನ ಪಡೆಗಳಲ್ಲಿ ಒಂದು, ಕರ್ನಲ್ ಫೌಲಿಸನ ಪಡೆ, ಕಣ್ಣೂರಿನಿಂದ ಹೊರಟು ಇದೇ ಹೆಗ್ಗಳ ಘಾಟಿಯನ್ನು ಹತ್ತಿತು. ಕೊಡವರು ಕಾಡಿನ ತಡೆಗಟ್ಟೆಗಳಿಂದ ಚೆನ್ನಾಗಿಯೇ ಕಾದಿದರು, ಆದರೆ ರಾಜ ಶರಣಾದ. ಹಿಂದೊಮ್ಮೆ ಅಕ್ಕಿ ಕೊಟ್ಟು ಹತ್ತಿಸಿಕೊಂಡ ದಾರಿಯಲ್ಲೇ ರಾಜ್ಯ ಹೋಯಿತು.

ಆಮೇಲಿನದು ಕಾಫಿಯ ಕಾಲ. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಯುರೋಪಿನ ಪ್ಲಾಂಟರುಗಳು ಕೊಡಗಿಗೆ ಬಂದರು. ಮಡಿಕೇರಿಯಲ್ಲಿ ಫೌಲರ್ ತೋಟ ತೆರೆದದ್ದು 1854ರಲ್ಲಿ. ಹಸಿ ಕಾಫಿಯನ್ನು ಸಂಸ್ಕರಿಸಿ ಹಡಗಿಗೆ ಹಾಕುವ ಕಾರ್ಖಾನೆಗಳು ಕರಾವಳಿಯಲ್ಲಿದ್ದವು, ಮಂಗಳೂರು ಮತ್ತು ತಲಶ್ಶೇರಿಯಲ್ಲಿ. ಎತ್ತಿನ ಹಾದಿ ಗಾಡಿ ರಸ್ತೆಯಾಯಿತು. ದಕ್ಷಿಣ ಕೊಡಗಿನ ಕಾಫಿ ಪೆರುಂಬಾಡಿ ಘಾಟಿ ಇಳಿದು ತಲಶ್ಶೇರಿಗೆ ಹೋಗಿ ಅಲ್ಲಿಂದ ಲಂಡನ್ ಮಾರುಕಟ್ಟೆ ಸೇರಿತು. ಕರಾವಳಿಗೆ ರೈಲು ಬಂದಾಗ ಅದನ್ನು ಮೈಸೂರಿಗೆ ಬೆಸೆಯುವ ಮಾತೂ ಎದ್ದಿತು. ಆ ಮಾತು ಇನ್ನೂ ಮುಗಿದಿಲ್ಲ, ಕೊಡಗು ಜಿಲ್ಲೆಯಲ್ಲಿ ಇಂದಿಗೂ ಒಂದು ಅಡಿ ರೈಲು ಹಳಿಯೂ ಇಲ್ಲ.

1956ರ ನವೆಂಬರ್ 1ರಂದು ಕೊಡಗು ರಾಜ್ಯ ಮೈಸೂರಿನಲ್ಲಿ ಕರಗಿತು, ಮಲಬಾರು ಕೇರಳಕ್ಕೆ ಸೇರಿತು. ಗಡಿ ಕೂಟುಪುಳದ ಹೊಳೆಯ ಬಳಿಯಲ್ಲೇ ಉಳಿಯಿತು, ಅದರ ದರ್ಜೆ ಮಾತ್ರ ಇಳಿಯಿತು. ದೇಶದೊಳಗೆ ವ್ಯಾಪಾರ ಮತ್ತು ಓಡಾಟ ಮುಕ್ತ ಎಂದು ಸಂವಿಧಾನದ 301ನೇ ವಿಧಿ ಹೇಳುತ್ತದೆ. ಆದರೂ ದಶಕಗಳ ಕಾಲ ಲಾರಿಗಳು ವಾಣಿಜ್ಯ ತೆರಿಗೆಯ ಗೇಟಿನ ಮುಂದೆ ಸಾಲು ನಿಂತವು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ಆ ಗೇಟುಗಳು ಎದ್ದುಹೋದವು, 2018ರ ಏಪ್ರಿಲಿನಿಂದ ಅಂತರರಾಜ್ಯ ಸಾಗಾಟಕ್ಕೆ ಇ-ವೇ ಬಿಲ್ ಬಂತು. ಅರಣ್ಯ ಇಲಾಖೆಯ, ಅಬಕಾರಿಯ, ಪೊಲೀಸರ ತಪಾಸಣೆ ಉಳಿದಿದೆ. ಮೇಲಕ್ಕೆ ಬರುವುದು ಮತ್ತಿ, ಬಂಗುಡೆ, ಮನೆ ಕಟ್ಟುವ ಕೆಂಪು ಕಲ್ಲು. ಕೆಳಕ್ಕೆ ಇಳಿಯುವುದು ಮೈಸೂರು ಸೀಮೆಯ ತರಕಾರಿ, ಅಕ್ಕಿ, ಶುಂಠಿ. ಜನ ಎರಡೂ ಕಡೆ ಓಡಾಡುತ್ತಾರೆ. ಪರಶ್ಶಿನಿಕಡವಿನ ಮುತ್ತಪ್ಪನಿಗೆ ಹರಕೆ ಹೊತ್ತವರು, ಗಲ್ಫಿಗೆ ಹೋಗುವವರು, ಮೈಸೂರು ಬೆಂಗಳೂರಿನ ಕಾಲೇಜುಗಳಿಗೆ ಹೊರಟ ಮಲಯಾಳಿ ಮಕ್ಕಳು. 2018ರ ಡಿಸೆಂಬರ್ 9ರಂದು ಮಟ್ಟನ್ನೂರಿನಲ್ಲಿ ಕಣ್ಣೂರು ವಿಮಾನ ನಿಲ್ದಾಣ ತೆರೆದ ಮೇಲೆ ದಕ್ಷಿಣ ಕೊಡಗಿಗೆ ಅತಿ ಹತ್ತಿರದ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಇನ್ನೊಂದು ರಾಜ್ಯದಲ್ಲಿದೆ.

ಇಷ್ಟೆಲ್ಲ ಹಾದುಹೋಗುವ ದಾರಿಯ ನಡುವಿನ ಊರಿಗೆ ಏನು ಸಿಗುತ್ತದೆ? ಇಲ್ಲಿ ತೆರಿಗೆಯ ಲೆಕ್ಕ ಗಮನಿಸಬೇಕು. ಜಿಎಸ್‌ಟಿಯಲ್ಲಿ ರಾಜ್ಯದ ಪಾಲು ಸರಕು ಬಳಕೆಯಾಗುವ ರಾಜ್ಯಕ್ಕೆ ಹೋಗುತ್ತದೆ. ಮೈಸೂರಿನಿಂದ ಕಣ್ಣೂರಿಗೆ ಹೋದ ಸರಕಿನ ಮೇಲಿನ ಆ ಪಾಲು ಕೇರಳದ್ದು, ಬೆಂಗಳೂರಿಗೆ ಬಂದ ಸರಕಿನದು ಕರ್ನಾಟಕದ್ದು. ನಡುವಿನ ಪಂಚಾಯಿತಿಗೆ ಬರುವುದು ಹೋಟೆಲಿನ ಚಹಾ, ಪಂಕ್ಚರ್ ಅಂಗಡಿ, ಒಂದಿಷ್ಟು ಬಾಡಿಗೆ. ಬರೆ ಕುಸಿದರೆ ಮಣ್ಣು ತೆಗೆಯುವ ಕೆಲಸವೂ ಘಾಟಿಯ ಪಾಲಿಗೇ. ಕಾರಿಡಾರಿನ ಎರಡು ತುದಿಗಳು ಲಾಭದ ಲೆಕ್ಕ ಬರೆಯುತ್ತವೆ, ನಡುವಿನ ಬೆಟ್ಟ ಖರ್ಚಿನ ಲೆಕ್ಕ ಬರೆಯುತ್ತದೆ. ಜಗತ್ತಿನ ಹೆಚ್ಚಿನ ಕಾರಿಡಾರುಗಳ ಕಥೆ ಇಷ್ಟೇ ಎಂದರೂ ನಡೆದೀತು.

ಈ ದಾರಿಯನ್ನು ಆಳುವ ನಿಜವಾದ ಅಧಿಕಾರಿ ಮಳೆ. 1791ರಲ್ಲಿ ಅಬರ್‌ಕ್ರಾಂಬಿಗೆ ಅದು ತಿಳಿದಿತ್ತು, 2018ರ ಜೂನಿನಲ್ಲಿ ಲೋಕೋಪಯೋಗಿ ಇಲಾಖೆಗೂ ತಿಳಿಯಿತು. ಆ ತಿಂಗಳು ಮಾಕುಟ್ಟದ ಘಾಟಿಯಲ್ಲಿ ಸಾಲುಸಾಲಾಗಿ ಬರೆ ಕುಸಿದು, ಮರಗಳು ಉರುಳಿ ರಸ್ತೆ ಮುಚ್ಚಿತು. ವಾರಗಟ್ಟಲೆ ಸಂಚಾರವಿರಲಿಲ್ಲ. ಆಗಸ್ಟಿನಲ್ಲಿ ಮಡಿಕೇರಿ ಸುತ್ತಲ ಬೆಟ್ಟಗಳೇ ಜಾರಿದಾಗ ಜನ ಜೂನನ್ನು ಮರೆತರು. ಅಲ್ಲಿಂದೀಚೆಗೆ ಮಳೆ ಜೋರಾದಾಗಲೆಲ್ಲ ಜಿಲ್ಲಾಡಳಿತ ಈ ರಸ್ತೆಯಲ್ಲಿ ಭಾರಿ ವಾಹನಗಳಿಗೆ ತಡೆ ಹಾಕುವುದು ವಾಡಿಕೆಯಾಗಿದೆ. ತಡೆ ಹಾಕುವುದರಲ್ಲಿ ತಪ್ಪಿಲ್ಲ. ಬೇಸಿಗೆಯಿಡೀ ಕೆಂಪು ಕಲ್ಲು ಹೇರಿದ ಲಾರಿಗಳನ್ನು ಅದೇ ಸಡಿಲ ಅಂಚಿನ ಮೇಲೆ ಓಡಿಸಿ, ಮಳೆಗಾಲಕ್ಕೆ ಮಾತ್ರ ಬೆಟ್ಟದ ಮೇಲೆ ಕನಿಕರ ತೋರುವುದರಲ್ಲಿ ತಪ್ಪಿದೆ.

ರಸ್ತೆ ಹಾದುಹೋಗುವ ಕಾಡು ಸಾಮಾನ್ಯದ್ದಲ್ಲ. 1974ರಲ್ಲಿ ಘೋಷಣೆಯಾದ ಬ್ರಹ್ಮಗಿರಿ ವನ್ಯಧಾಮ ಸುಮಾರು 181 ಚದರ ಕಿಲೋಮೀಟರಿನದು. ಆಚೆಗೆ ಕೇರಳದ ಆರಳಂ ವನ್ಯಧಾಮ. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಎರಡೂ ತಲಕಾವೇರಿ ಗುಂಪಿನಲ್ಲಿ ಬಂದವು. ಇಲ್ಲಿ ಒಂದು ಚರಂಡಿ ಅಗಲಿಸಲೂ ಅರಣ್ಯ ಕಾನೂನಿನ ಬಾಗಿಲು ತಟ್ಟಬೇಕು. ಇದರ ಅತ್ಯುತ್ತಮ ಉದಾಹರಣೆ ಕೂಟುಪುಳ ಸೇತುವೆ. ಕೇರಳ ತನ್ನ ತಲಶ್ಶೇರಿ–ವಳವುಪಾರ ರಸ್ತೆಯನ್ನು ವಿಶ್ವಬ್ಯಾಂಕ್ ನೆರವಿನಿಂದ ಹೊಸದಾಗಿ ಕಟ್ಟುತ್ತ ಗಡಿಯ ತನಕ ಬಂತು. ಅಲ್ಲಿ ಬ್ರಿಟಿಷರ ಕಾಲದ ಕಿರಿದಾದ ಹಳೆಯ ಸೇತುವೆಯ ಪಕ್ಕದಲ್ಲಿ ಹೊಸದಕ್ಕೆ ಕಂಬ ಎಬ್ಬಿಸಿತು. ಈಚೆ ದಡ ವನ್ಯಧಾಮಕ್ಕೆ ಸೇರಿದ್ದೆಂದು ಕರ್ನಾಟಕದ ಅರಣ್ಯ ಇಲಾಖೆ 2017ರ ಕೊನೆಯಲ್ಲಿ ಕೆಲಸ ನಿಲ್ಲಿಸಿತು. ಅರ್ಧ ಸೇತುವೆ ವರ್ಷಗಟ್ಟಲೆ ಹೊಳೆಯ ಮೇಲೆ ನಿಂತಿತ್ತು. ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಒಪ್ಪಿಗೆ ಬಂದು, ಕೆಲಸ ಮುಗಿದು, ಸೇತುವೆ ತೆರೆದದ್ದು 2022ರ ಆರಂಭದಲ್ಲಿ. ಸೇತುವೆಯ ಆ ಬದಿಗೆ ಅಗಲವಾದ ಹೊಸ ಡಾಂಬರು, ಈ ಬದಿಗೆ ಎರಡು ಬಸ್ಸು ಎದುರಾದರೆ ಒಂದು ಹಿಂದೆ ಸರಿಯಬೇಕಾದ ತಿರುವು. ಅದನ್ನು ನೋಡಿ ಕರ್ನಾಟಕ ಸೋತಿತೆಂದು ಕೊರಗುವವರಿದ್ದಾರೆ. ಆ ಕಾಡು ಇನ್ನೂ ನಿಂತಿರುವುದಕ್ಕೆ ಈ ಕಿರಿದಾದ ತಿರುವುಗಳೂ ಒಂದು ಕಾರಣ ಎಂಬುದನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮಳೆ ದಾರಿ ಮುಚ್ಚುವುದು ಒಂದು ಬಗೆ, ಮನುಷ್ಯ ಮುಚ್ಚುವುದು ಇನ್ನೊಂದು. 2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ಭಯಕ್ಕೆ ಕರ್ನಾಟಕ ಕೇರಳದ ಗಡಿ ರಸ್ತೆಗಳಿಗೆ ಮಣ್ಣು ಸುರಿಯಿತು. ಮಾಕುಟ್ಟದ ದಾರಿಗೂ ಮಣ್ಣಿನ ಗುಡ್ಡೆ ಬಿತ್ತು. ಮೈಸೂರಿನಿಂದ ಹೊರಟ ತರಕಾರಿ ಲಾರಿಗಳು ದಾರಿ ಬದಲಿಸಬೇಕಾಯಿತು. ಕೇರಳದ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಪ್ರಧಾನಿಗೆ ಪತ್ರ ಬರೆದರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆ ತೆಗೆಸುವಂತೆ ಕೇಂದ್ರಕ್ಕೆ ಸೂಚಿಸಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಕರ್ನಾಟಕ ವಯನಾಡಿನ ಕಡೆಯ ಎರಡು ದಾರಿಗಳನ್ನು ಸರಕಿಗೆ ಬಿಟ್ಟುಕೊಟ್ಟಿತು, ಇರಿಟಿ–ವಿರಾಜಪೇಟೆ ದಾರಿಗೆ ಆಗ ಒಪ್ಪಲಿಲ್ಲ. ಕೊಡಗಿನಲ್ಲಿ ಬಹಳ ಮಂದಿ ಆ ಮಣ್ಣಿನ ಗುಡ್ಡೆಯನ್ನು ಮೆಚ್ಚಿದರು. ಕಾಸರಗೋಡಿನ ರೋಗಿಗಳಿಗೆ ತಲಪಾಡಿಯಲ್ಲಿ ಮಂಗಳೂರಿನ ಆಸ್ಪತ್ರೆಯ ದಾರಿ ಮುಚ್ಚಿದ್ದರ ಸಂಕಟ ಗೊತ್ತಿದ್ದವರಿಗೆ ಅದನ್ನು ಮೆಚ್ಚುವುದು ಕಷ್ಟವಾಯಿತು. ಸೋಂಕು ತಡೆಯಲು ತಪಾಸಣೆ ಸಾಕಿತ್ತು, ಆಂಬುಲೆನ್ಸಿಗೆ ಮಣ್ಣು ಅಡ್ಡ ಹಾಕಿದ್ದು ಅತಿಯಾಯಿತು.

ಒಂದೇ ದೇಶದೊಳಗೆ ಹೀಗಾದರೆ ಎರಡು ದೇಶಗಳ ನಡುವೆ ಏನಾಗುತ್ತದೆ ಎಂಬುದಕ್ಕೆ ನೇಪಾಳ ಸಾಕ್ಷಿ. ಸುತ್ತ ನೆಲವೇ ಇರುವ ಆ ದೇಶದ ಸರಕಿನ ಬಹುಪಾಲು ಬಿಹಾರದ ರಕ್ಸೌಲಿನಿಂದ ಬೀರ್‌ಗಂಜ್ ಮೂಲಕ ಒಳಹೋಗುತ್ತದೆ. 2015ರ ಸೆಪ್ಟೆಂಬರಿನಿಂದ ಮುಂದಿನ ಫೆಬ್ರವರಿಯವರೆಗೆ ಆ ದಾರಿ ಕಟ್ಟಿಕೊಂಡಿತು. ತಡೆದದ್ದು ತೆರಾಯಿಯ ಚಳವಳಿಗಾರರೆಂದು ಭಾರತ ಹೇಳಿತು, ಭಾರತವೇ ಎಂದು ಕಠ್ಮಂಡು ಹೇಳಿತು. ಭೂಕಂಪದಿಂದ ಎದ್ದುನಿಲ್ಲುತ್ತಿದ್ದ ದೇಶದಲ್ಲಿ ಅಡುಗೆ ಅನಿಲ, ಪೆಟ್ರೋಲು, ಔಷಧಿ ಸಿಗದಾಯಿತು. ದಾರಿ ತೆರೆದ ಮರು ತಿಂಗಳೇ, 2016ರ ಮಾರ್ಚಿನಲ್ಲಿ, ನೇಪಾಳ ಚೀನಾದೊಂದಿಗೆ ಸಾಗಾಟದ ಒಪ್ಪಂದಕ್ಕೆ ಸಹಿ ಹಾಕಿತು. ಭಾರತ 2019ರ ಸೆಪ್ಟೆಂಬರಿನಲ್ಲಿ ಮೋತಿಹಾರಿಯಿಂದ ಅಮ್ಲೇಖ್‌ಗಂಜಿಗೆ 69 ಕಿಲೋಮೀಟರಿನ ಇಂಧನ ಕೊಳವೆ ಮಾರ್ಗ ತೆರೆದು ಸಂಬಂಧಕ್ಕೆ ತೇಪೆ ಹಾಕಿತು. ಬಾಂಗ್ಲಾದೇಶ, ಭೂತಾನ್, ಭಾರತ, ನೇಪಾಳ ನಾಲ್ಕರ ವಾಹನಗಳು ಪರಸ್ಪರ ಓಡಾಡಲಿ ಎಂದು 2015ರ ಜೂನ್ 15ರಂದು ಥಿಂಪುವಿನಲ್ಲಿ ಸಹಿಯಾದ ಒಪ್ಪಂದಕ್ಕೆ ಭೂತಾನದ ಸಂಸತ್ತೇ ಒಪ್ಪಿಗೆ ಕೊಡಲಿಲ್ಲ. ಹೊರಗಿನ ಲಾರಿಗಳ ಹೊಗೆ ತಮ್ಮ ಬೆಟ್ಟಗಳಿಗೆ ಬೇಡವೆಂಬುದು ಅಲ್ಲಿನ ಮುಖ್ಯ ಆತಂಕ. ನಡುವಿನ ಬೆಟ್ಟದವರು ಬೇಡ ಎನ್ನುವ ಅಧಿಕಾರವನ್ನು ಉಳಿಸಿಕೊಂಡ ಅಪರೂಪದ ಪ್ರಸಂಗ ಅದು. ಕೊಡಗಿಗೆ ಆ ಅಧಿಕಾರ 1956ರ ನಂತರ ಇಲ್ಲ.

ಗಡಿ ದಾಟಿದ ವ್ಯಾಪಾರದ ಇನ್ನೊಂದು ಮುಖವನ್ನು ಬಿಟ್ಟಂಗಾಲದ ಸುತ್ತಲಿನ ಬೆಳೆಗಾರರು ಘಾಟಿಯಲ್ಲಿ ನೋಡಲಿಲ್ಲ, ಗೋಣಿಕೊಪ್ಪದ ಎಪಿಎಂಸಿ ಅಂಗಳದಲ್ಲಿ ನೋಡಿದರು. ಭಾರತ ಮತ್ತು ಶ್ರೀಲಂಕಾ 1998ರ ಡಿಸೆಂಬರಿನಲ್ಲಿ ಸಹಿ ಹಾಕಿದ ಮುಕ್ತ ವ್ಯಾಪಾರ ಒಪ್ಪಂದ 2000ದಲ್ಲಿ ಜಾರಿಗೆ ಬಂತು. ಅದರಡಿ ಲಂಕೆಯ ಕಾಳುಮೆಣಸಿಗೆ ಸುಂಕದ ರಿಯಾಯಿತಿ ಇತ್ತು. ವಿಯೆಟ್ನಾಂನ ಅಗ್ಗದ ಮೆಣಸು ಲಂಕೆಯ ಹೆಸರು ಹೊತ್ತು ಒಳಬರುತ್ತಿದೆ ಎಂದು ಬೆಳೆಗಾರರು ದೂರಿದರು. 2017ರಲ್ಲಿ ಗೋಣಿಕೊಪ್ಪದಲ್ಲಿ ವಿಯೆಟ್ನಾಂ ಮೆಣಸನ್ನು ಕೊಡಗಿನದರೊಂದಿಗೆ ಬೆರೆಸಿದ ಆರೋಪ ಎದ್ದು ಜಿಲ್ಲೆಯಲ್ಲಿ ದೊಡ್ಡ ಗದ್ದಲವಾಯಿತು. ಅದೇ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಆಮದು ಮೆಣಸಿಗೆ ಕಿಲೋಗೆ 500 ರೂಪಾಯಿ ಕನಿಷ್ಠ ಬೆಲೆ ಕಟ್ಟಿತು. ಒಂದು ಕಾಲಕ್ಕೆ ಯುರೋಪಿನ ಹಡಗುಗಳನ್ನು ತಲಶ್ಶೇರಿಗೆ ಎಳೆದು ತಂದ ಬೆಳೆ ಈಗ ಆಮದಿನಿಂದ ರಕ್ಷಣೆ ಕೇಳುವಂತಾಯಿತು. ಎರಡು ದೇಶಗಳ ನಡುವೆ ಬಾಗಿಲು ತೆರೆದಾಗ ಮೂರನೆಯವನೂ ಅದೇ ಬಾಗಿಲಲ್ಲಿ ನುಸುಳುತ್ತಾನೆ. ಟೋಪಿವಾಲರ ಸಂಗ ಬೇಡ ಎಂದು 1790ರಲ್ಲಿ ಬರೆಸಿಕೊಂಡ ಕಂಪನಿಗೆ ಈ ಸೂಕ್ಷ್ಮ ಚೆನ್ನಾಗಿ ತಿಳಿದಿತ್ತು.

ಇನ್ನು ದೊಡ್ಡ ಯೋಜನೆಗಳ ಸರದಿ. ತಲಶ್ಶೇರಿ–ಮೈಸೂರು ರೈಲು ಮಾರ್ಗವನ್ನು ಕೇರಳ ಬಿಟ್ಟುಕೊಟ್ಟಿಲ್ಲ. ದಕ್ಷಿಣ ಕೊಡಗಿನ ಮೂಲಕ ಒಂದು ನಕ್ಷೆ, ವಯನಾಡಿನಿಂದ ಕಬಿನಿಯ ಕೆಳಗೆ ಸುರಂಗ ಕೊರೆದು ಹೋಗುವ ಇನ್ನೊಂದು ನಕ್ಷೆ ಎಂದು ಅದು ರೂಪ ಬದಲಿಸುತ್ತಲೇ ಇದೆ. ಕೊಡಗಿನ ಬೆಳೆಗಾರರು ಮತ್ತು ಪರಿಸರ ಸಂಘಟನೆಗಳು 2018ರಲ್ಲಿ ಬೀದಿಗಿಳಿದು ವಿರೋಧಿಸಿದರು. ಅವರ ನೆನಪಿನಲ್ಲಿ ಮೈಸೂರು–ಕೋಯಿಕ್ಕೋಡ್ 400 ಕೆವಿ ವಿದ್ಯುತ್ ಮಾರ್ಗದ ಗಾಯ ಹಸಿಯಾಗಿತ್ತು. 2015ರಲ್ಲಿ ಹರಿದ ಆ ವಿದ್ಯುತ್ತಿಗಾಗಿ ಜಿಲ್ಲೆಯ ಕಾಡು ತೋಟಗಳಲ್ಲಿ ಸಾವಿರಾರು ಮರಗಳು ಬಿದ್ದಿದ್ದವು, ಕರೆಂಟು ಹೋದದ್ದು ಕೇರಳಕ್ಕೆ. ಮಟ್ಟನ್ನೂರಿನ ವಿಮಾನ ನಿಲ್ದಾಣವನ್ನು ಮೈಸೂರಿಗೆ ಜೋಡಿಸಲು ಇದೇ ಮಾಕುಟ್ಟದ ದಾರಿಯನ್ನು ರಾಷ್ಟ್ರೀಯ ಹೆದ್ದಾರಿ ಮಾಡಬೇಕೆಂಬ ಬೇಡಿಕೆ ಬೇರೆ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರ ನಿಷೇಧವಿರುವುದರಿಂದ ಹುಣಸೂರು, ಗೋಣಿಕೊಪ್ಪ, ಕುಟ್ಟದ ದಾರಿ ಪರ್ಯಾಯವಾಗಿದೆ. ಒಂದು ಕಾಡನ್ನು ಉಳಿಸಿದ ಭಾರವೂ ಇತ್ತ ಕಡೆಗೇ ವಾಲಿದೆ.

ಸುರಂಗದ ಮಾತು ಕೇಳಿ ಹಿಗ್ಗುವವರು ವಯನಾಡಿನ ಕಡೆ ಒಮ್ಮೆ ನೋಡಬೇಕು. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್ಮಲ ಊರುಗಳು ಭೂಕುಸಿತಕ್ಕೆ ಸಿಕ್ಕಿ ಕೊಚ್ಚಿಹೋದವು. ಅಲ್ಲಿಗೆ ಸಮೀಪದ ಕಳ್ಳಾಡಿಯಿಂದ ಆನಕ್ಕಾಂಪೊಯಿಲಿಗೆ ಎಂಟು ಕಿಲೋಮೀಟರಿಗೂ ಉದ್ದದ ಜೋಡಿ ಸುರಂಗಕ್ಕೆ 2025ರ ಆಗಸ್ಟಿನಲ್ಲಿ ಕೇರಳ ಚಾಲನೆ ಕೊಟ್ಟಿತು. ಕೋಯಿಕ್ಕೋಡಿನಿಂದ ಮೈಸೂರು ಹತ್ತಿರವಾಗುತ್ತದೆ ಎಂಬುದು ಅದರ ಪರ ವಾದ. ಹತ್ತಿರವಾಗುವುದೇನೋ ನಿಜ.

ಹಾಗಾದರೆ ಘಾಟಿಯ ದಾರಿಗೆ ಏನೂ ಮಾಡಬಾರದೇ? ಮಾಡಬೇಕಾದದ್ದು ಬಹಳವಿದೆ, ಯಾವುದಕ್ಕೂ ಸುರಂಗ ಬೇಡ. ಮಾಕುಟ್ಟದ ರಸ್ತೆಗೆ ಮೊದಲು ಬೇಕಾದದ್ದು ಚರಂಡಿ ಮತ್ತು ಮೋರಿ. ಘಾಟಿ ಕುಸಿಯುವುದು ಹೆಚ್ಚಾಗಿ ನೀರು ರಸ್ತೆಯ ಅಡಿಗೆ ಇಳಿದಾಗ. ಎರಡನೆಯದು, ವರ್ಷವಿಡೀ ಅನ್ವಯಿಸುವ ತೂಕದ ಮಿತಿ, ಅದನ್ನು ಅಳೆಯಲು ಪೆರುಂಬಾಡಿಯಲ್ಲೂ ಕೂಟುಪುಳದಲ್ಲೂ ಒಂದೊಂದು ವೇಬ್ರಿಡ್ಜ್. ಬಸ್ಸು, ಕಾರು, ಆಂಬುಲೆನ್ಸು, ಮೀನಿನ ಮತ್ತು ತರಕಾರಿಯ ಚಿಕ್ಕ ವಾಹನಗಳಿಗೆ ಈ ದಾರಿ ಸಾಕು. ಕಲ್ಲಿನ ಮತ್ತು ದಿಮ್ಮಿಯ ದೊಡ್ಡ ಲಾರಿಗಳಿಗೆ ಇದು ಯಾವತ್ತೂ ಅಲ್ಲ. ಮೂರನೆಯದು, ಕೊಡಗು ಮತ್ತು ಕಣ್ಣೂರು ಜಿಲ್ಲಾಡಳಿತಗಳ ಜಂಟಿ ನಿಯಂತ್ರಣ ಕೊಠಡಿ. ಈಗ ಈ ಬದಿಯಲ್ಲಿ ರಸ್ತೆ ಮುಚ್ಚಿದರೆ ಆ ಬದಿಯ ಚಾಲಕನಿಗೆ ತಿಳಿಯುವುದು ಗೇಟಿನ ಮುಂದೆ ನಿಂತಾಗ.

ಈ ಮೂರಕ್ಕೂ ವನ್ಯಧಾಮದ ಮರಗಳ ಮೇಲೆ ಕೈ ಹಾಕಬೇಕಾಗಿಲ್ಲ, ಹೊಸ ಭೂಸ್ವಾಧೀನವೂ ಬೇಕಿಲ್ಲ. ಬೇಕಾದದ್ದು ಎರಡು ಲೋಕೋಪಯೋಗಿ ಇಲಾಖೆಗಳು, ಎರಡು ಅರಣ್ಯ ಇಲಾಖೆಗಳು ಒಂದು ಮೇಜಿನ ಸುತ್ತ ಕೂರುವುದು. ವಿರಾಜಪೇಟೆ ಮತ್ತು ಪೇರಾವೂರು ಕ್ಷೇತ್ರಗಳ ಶಾಸಕರು ಮುಂಗಾರಿಗೆ ಮುಂಚೆ ಆ ಸಭೆ ಕರೆಸಲಿ. ಘಾಟಿಯ ಊರುಗಳ ಪಂಚಾಯಿತಿ ಸದಸ್ಯರಿಗೂ ಅಲ್ಲಿ ಕುರ್ಚಿ ಹಾಕಿಸಲಿ.